ಚಿಮಣಿಯ ಲೆಕ್ಕ ನಮ್ಮ ಭಾಷೆಯಲ್ಲಿ ಕೊಡ್ರಿ

ಪ್ಯಾರಾನಗರ ಎಲ್ಲಿ ಅದ ಅಂತ ನಾಗಲಗಿದ್ದದಾಗ ಕೇಳಿದ್ರೆ ಬಹಳ ಮಂದಿ ಮುಖ ಮುಖ ನೋಡ್ತಾರೆ. ಅದೂ ನಮ್ಮ ಸಂಗಾರೆಡ್ಡಿ ಜಿಲ್ಲೆಯೇ. ನಾವು ಈ ತುದಿ, ಅವರು ಆ ತುದಿ. 2016ರಲ್ಲಿ ಜಿಲ್ಲೆಗಳನ್ನು ಒಡೆದು ಕಟ್ಟಿದಾಗ ನಾಗಲಗಿದ್ದ ಹ್ಯಾಂಗ ಹೊಸ ಮಂಡಲ ಆಯಿತೋ, ಹಂಗೇ ಗುಮ್ಮಡಿದಲವೂ ಆಯಿತು. ಆ ಗುಮ್ಮಡಿದಲ ಮಂಡಲದ ಪ್ಯಾರಾನಗರದಲ್ಲಿ 2025ರ ಫೆಬ್ರವರಿಯಲ್ಲಿ ಪೊಲೀಸ್ ಬಂದೋಬಸ್ತ್ ಹಾಕಿ ಹೈದರಾಬಾದಿನ ಕಸದ ಯಾರ್ಡಿನ ಕೆಲಸ ಶುರು ಮಾಡಿದರು. ನಲ್ಲವಲ್ಲಿ, ಗುಮ್ಮಡಿದಲದ ಜನ ದೀಕ್ಷೆಗೆ ಕೂತರು, ರಸ್ತೆಗೆ ಇಳಿದರು. ಕಸದಿಂದ ಕರೆಂಟ್ ತೆಗೆಯುವ ಮಾತೂ ಆ ಯೋಜನೆಯೊಳಗೆ ಅದ. ಹೈದರಾಬಾದಿನ ಇನ್ನೊಂದು ಬದಿಯ ಜವಾಹರನಗರದಲ್ಲಿ 2020ರಲ್ಲೇ 19.8 ಮೆಗಾವ್ಯಾಟಿನ ಇಂಥದೊಂದು ಘಟಕ ಶುರುವಾಗಿದೆ. ಅಂದರೆ ಕಸ ಸುಡುವ ದೊಡ್ಡ ಒಲೆಗಳ ಕಾಲ ನಮ್ಮ ಕಡೆಗೂ ಬಂತು.

"ಅದು ಪಟಾನ್‌ಚೆರು ಕಡೆಯ ಜಗಳ, ನಮಗ್ಯಾಕ?" ಅಂತ ಕೆಲವರು ಕೇಳ್ತಾರೆ. ಖರೆ, ಪ್ಯಾರಾನಗರದ ಹೊಗೆ ಹಾರಿ ಬಂದು ನಾಗಲಗಿದ್ದದ ಹೊಲದ ಮ್ಯಾಲ ಬೀಳಂಗಿಲ್ಲ, ಅಷ್ಟು ದೂರ ಅದ. ಆದರೆ ಒಂದು ವಿಚಾರ ಮಾಡ್ರಿ. ಮಾಂಜ್ರಾ ನದಿ ತೆಲಂಗಾಣಕ್ಕೆ ಇಳಿಯುವುದೇ ನಮ್ಮ ಕಡೆಯಿಂದ. ಇಲ್ಲಿಂದ ಸಿಂಗೂರಿಗೆ, ಸಿಂಗೂರಿನಿಂದ ಹೈದರಾಬಾದಿನ ನಲ್ಲಿಗೆ. ನೀರು ಜಿಲ್ಲೆಯಿಂದ ಅತ್ತ ಹೋಗ್ತದ, ಕಸ ಅತ್ತಿಂದ ಜಿಲ್ಲೆಗೆ ಬರ್ತದ. ಊರು ಬೆಳೆದಂಗ ಇನ್ನೊಂದು ಜಾಗ ಹುಡುಕ್ತಾರೆ, ಅದಾದ ಮ್ಯಾಲ ಮತ್ತೊಂದು. ಭೂಮಿ ಅಗ್ಗ, ಮಂದಿ ಕಡಿಮೆ, ಮಾತಾಡುವವರ ಭಾಷೆಯೂ ಬೇರೆ, ಇಂಥ ಜಾಗ ನಕ್ಷೆಯಲ್ಲಿ ಯಾವುದು ಅಂತ ಹೇಳಬೇಕಾಗಿಲ್ಲ. ನಮ್ಮ ಹುಡುಗರು ಈ ವಿಷಯ ಈಗಲೇ ಓದಿಕೊಂಡಿರಬೇಕು ಅಂತ ಇದನ್ನು ಬರೆಯುತ್ತಿದ್ದೇವೆ. ನಾವು ವಿಜ್ಞಾನಿಗಳಲ್ಲ, ಬ್ಯಾಂಕ್ ಕೌಂಟರಿನಲ್ಲಿ ಕೂರುವ ಬಿ.ಕಾಂ. ಮಂದಿ. ಆದರೆ ಲೆಕ್ಕ ನೋಡಲಿಕ್ಕೆ ಬರ್ತದ, ಮತ್ತು ಈ ವಿಷಯ ಮುಕ್ಕಾಲು ಲೆಕ್ಕವೇ.

ಕಸ ಸುಟ್ಟಾಗ ಬರುವ ಹೊಗೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಡಯಾಕ್ಸಿನ್. ಇದನ್ನು ಯಾರೂ ಕಾರ್ಖಾನೆಯಲ್ಲಿ ಬೇಕಂತ ತಯಾರಿಸುವುದಿಲ್ಲ, ತಾನಾಗೇ ಹುಟ್ಟುತ್ತದೆ. ಕ್ಲೋರಿನ್ ಇರುವ ವಸ್ತು, ಅಂದರೆ ಮುಖ್ಯವಾಗಿ ಪಿವಿಸಿ ಪ್ಲಾಸ್ಟಿಕ್, ಸರಿಯಾಗಿ ಉರಿಯದೆ ಹೊಗೆಯಾಡಿದರೆ ಹುಟ್ಟುತ್ತದೆ. ಚೆನ್ನಾಗಿ ಉರಿದರೂ, ಆ ಬಿಸಿ ಹೊಗೆ ನಿಧಾನ ತಣ್ಣಗಾಗುತ್ತಾ 450ರಿಂದ 200 ಡಿಗ್ರಿಗೆ ಇಳಿಯುವ ಹೊತ್ತಿನಲ್ಲಿ ಮತ್ತೆ ಹುಟ್ಟುತ್ತದೆ. ಬೂದಿಯಲ್ಲಿ ತಾಮ್ರದ ಅಂಶ ಇದ್ದರಂತೂ ಇನ್ನೂ ಜೋರು. ಈ ಕುಟುಂಬದಲ್ಲಿ 75 ಡಯಾಕ್ಸಿನ್, 135 ಫ್ಯೂರಾನ್ ಇವೆ. ಅದರಲ್ಲಿ 17 ಬಹಳ ವಿಷ. ಪ್ರತಿಯೊಂದರ ವಿಷದ ತೀವ್ರತೆ ಬೇರೆ ಬೇರೆ ಇರುವುದರಿಂದ ಎಲ್ಲವನ್ನೂ ಒಂದೇ ಅಳತೆಗೆ ತಂದು ಹೇಳ್ತಾರೆ, ಅದಕ್ಕೆ ಟಿಇಕ್ಯೂ ಅಂತ ಹೆಸರು. ಸೌದಿಯ ರಿಯಾಲ್, ದುಬೈಯ ದಿರ್ಹಮ್ ಎಲ್ಲ ರೂಪಾಯಿಗೆ ತಿರುಗಿಸಿ ಪಾಸ್‌ಬುಕ್ಕಿನಲ್ಲಿ ಒಂದೇ ಅಂಕಿ ಬರೆದಂಗ.

ಇದರಲ್ಲೇ ಅತ್ಯಂತ ಘೋರವಾದ ಒಂದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಅಂತ ಮೊದಲ ಗುಂಪಿಗೆ ಸೇರಿಸಿದೆ. ಹಾರ್ಮೋನು, ರೋಗನಿರೋಧಕ ಶಕ್ತಿ, ಹೊಟ್ಟೆಯೊಳಗಿನ ಕೂಸಿನ ಬೆಳವಣಿಗೆ, ಎಲ್ಲದಕ್ಕೂ ಕೈ ಹಾಕುತ್ತದೆ. ಒಮ್ಮೆ ಮೈಯೊಳಗೆ ಹೊಕ್ಕರೆ ಕೊಬ್ಬಿನಲ್ಲಿ ಕೂತುಬಿಡುತ್ತದೆ. ಅರ್ಧ ಇಳಿಯಲಿಕ್ಕೆ 7ರಿಂದ 11 ವರ್ಷ ಬೇಕು. ಇವತ್ತು ಖಾತೆಯಲ್ಲಿ 100 ಇದ್ದರೆ, ಒಂದು ಪೈಸೆ ಹೊಸದಾಗಿ ಜಮಾ ಆಗದಿದ್ದರೂ, ಹತ್ತು ವರ್ಷದ ಮ್ಯಾಲ 50ರ ಆಸುಪಾಸು ಇನ್ನೂ ಅಲ್ಲೇ ಇರ್ತದ. ದಿನಾ ಜಮಾ ಆಗ್ತಾ ಇದ್ದರೆ ಏನಾಗ್ತದ ನೀವೇ ಲೆಕ್ಕ ಹಾಕ್ರಿ.

ಜಮಾ ಆಗುವ ದಾರಿ ಮಾತ್ರ ನಾವು ಅಂದುಕೊಂಡಂಗ ಮೂಗಲ್ಲ, ಬಾಯಿ. ಮನುಷ್ಯರ ಮೈಗೆ ಹೋಗುವ ಡಯಾಕ್ಸಿನ್‌ನಲ್ಲಿ ಶೇ. 90ಕ್ಕಿಂತ ಹೆಚ್ಚು ಊಟದಿಂದಲೇ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಖ್ಯವಾಗಿ ಹಾಲು, ಮಾಂಸ, ಮೊಟ್ಟೆ, ಮೀನು. ಹೊಗೆ ಮೇವಿನ ಎಲೆ ಮ್ಯಾಲ ಕೂಡ್ತದ, ಎಮ್ಮಿ ಮೇಯ್ತದ, ಎಮ್ಮಿಯ ಕೊಬ್ಬಿಗೆ ಹೋಗ್ತದ, ಹಾಲಿನ ಕೆನೆಗೆ ಬರ್ತದ. ಹಾಲು ಕುಡಿದ ಕೂಸಿಗೆ ಹೋಗ್ತದ. ತೊಗರಿ, ಜೋಳದ ಕಾಳಿಗೆ ಬೇರಿನಿಂದ ಏರುವುದು ಬಹಳ ಕಡಿಮೆ, ಆ ಮಟ್ಟಿಗೆ ತಾಂಡೂರಿನ ತೊಗರಿಗೆ ಭಯ ಇಲ್ಲ. ಭಯ ಇರುವುದು ಹಸಿ ಮೇವಿಗೆ, ಕಣಕಿಗೆ, ಅಂಗಳದ ಮಣ್ಣು ಕೆದರಿ ತಿನ್ನುವ ಕೋಳಿಗೆ. ಹೊಲಕ್ಕಿಂತ ಎಮ್ಮಿಯನ್ನೇ ನೆಚ್ಚಿ ಸಂಸಾರ ನಡೆಸುವ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೆ ಗೊತ್ತು. ಡೈರಿಯ ಹಾಲಿನ ದುಡ್ಡು, ಪಶು ಸಾಲದ ಕಂತು, ಇದೆಲ್ಲ ಕೌಂಟರಿನಲ್ಲಿ ನಾವು ದಿನಾ ನೋಡುವುದೇ.

ಇದು ಬರೀ ಹೆದರಿಸುವ ಮಾತಲ್ಲ, ನಡೆದದ್ದು. ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಕಡೆ ಜಿಯಿ-ಸುರ್-ಇಝೇರ್ ಅಂತ ಒಂದು ಸಣ್ಣ ಊರು. ಸುತ್ತ ಹುಲ್ಲುಗಾವಲು, ಹಸು, ಚೀಸ್. ಅಲ್ಲಿ ಕಸ ಸುಡುವ ಘಟಕ ಇತ್ತು. 2001ರಲ್ಲಿ ಅದರ ಚಿಮಣಿ ಮತ್ತು ಸುತ್ತಲಿನ ಹಾಲು ಪರೀಕ್ಷೆ ಮಾಡಿದಾಗ ಡಯಾಕ್ಸಿನ್ ಮಿತಿ ಮೀರಿದ್ದು ಗೊತ್ತಾಯಿತು. ಘಟಕ ಮುಚ್ಚಿದರು. ಆದರೆ ಹಾಲು ಚೆಲ್ಲಬೇಕಾಯಿತು, ಸಾವಿರಾರು ದನಗಳನ್ನು ಕೊಲ್ಲಬೇಕಾಯಿತು. ತಪ್ಪು ಚಿಮಣಿಯದು, ಸತ್ತದ್ದು ದನ. ಅದಕ್ಕೂ ಮೊದಲು 1989ರಲ್ಲಿ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಹತ್ತಿರದ ಲಿಕ್ಕೆಬಾರ್ಟ್ ಎಂಬಲ್ಲೂ ಕಸದ ಒಲೆಯ ಪಕ್ಕದ ಹಸುಗಳ ಹಾಲು ಮಾರಬಾರದು ಅಂತ ಸರ್ಕಾರ ನಿಲ್ಲಿಸಿತ್ತು. ಸ್ವಿಟ್ಜರ್‌ಲ್ಯಾಂಡಿನ ಲೋಸಾನ್ ಊರಿನದು ಇನ್ನೂ ವಿಚಿತ್ರ. ಅಲ್ಲಿನ ಹಳೇ ಘಟಕ 2005ರಲ್ಲೇ ಬಂದ್ ಆಗಿತ್ತು, ಊರ ಮಣ್ಣಿನಲ್ಲಿ ಡಯಾಕ್ಸಿನ್ ಇದೆ ಅಂತ ಗೊತ್ತಾದದ್ದು 2021ರಲ್ಲಿ. ಶ್ರೀಮಂತ ದೇಶ, ಒಳ್ಳೇ ಲ್ಯಾಬು, ಆದರೂ 16 ವರ್ಷ.

ಹಂಗಾದರೆ ಇಂಥ ಒಲೆಗಳೇ ಬೇಡವೇ? ಇಲ್ಲಿ ಗೆಳೆಯರಲ್ಲೇ ಎರಡು ಮಾತಿದೆ. ನಮ್ಮ ಅಭಿಪ್ರಾಯ ಹೇಳ್ತೀವಿ: ಡಯಾಕ್ಸಿನ್ ಹಿಡಿಯಲಿಕ್ಕೆ ಬರ್ತದ. ಬರಂಗಿಲ್ಲ ಅನ್ನುವುದು ಸುಳ್ಳು, ತಾನಾಗೇ ಹಿಡೀತದ ಅನ್ನುವುದು ಅದಕ್ಕಿಂತ ದೊಡ್ಡ ಸುಳ್ಳು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2013ರಲ್ಲಿ ಕೊಟ್ಟ ಲೆಕ್ಕದ ಕೈಪಿಡಿ ಇದೆ. ಒಂದು ಟನ್ ಊರ ಕಸ ಸುಟ್ಟರೆ ಗಾಳಿಗೆ ಎಷ್ಟು ಡಯಾಕ್ಸಿನ್ ಹೋಗುತ್ತದೆ ಅಂತ ಅದು ಹೇಳುತ್ತದೆ. ಶುದ್ಧೀಕರಣ ಏನೂ ಇಲ್ಲದ ಕಚ್ಚಾ ಒಲೆಯಾದರೆ 3500 ಮೈಕ್ರೋಗ್ರಾಂ. ಎಲ್ಲ ವ್ಯವಸ್ಥೆ ಇರುವ ಒಳ್ಳೇ ಒಲೆಯಾದರೆ 0.5. ಎರಡರ ನಡುವೆ 7000 ಪಟ್ಟು ವ್ಯತ್ಯಾಸ! ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹದ ಶೆಡ್ಡು, ಒಂದೇ ತರಹದ ಚಿಮಣಿ. ಡಂಪಿಂಗ್ ಯಾರ್ಡಿಗೆ ಬೆಂಕಿ ಬಿದ್ದರೆ ಟನ್ನಿಗೆ 300, ಬಯಲಲ್ಲಿ ಮನೆ ಕಸ ಸುಟ್ಟರೆ 40. ಅಂದರೆ ಒಳ್ಳೇ ಒಲೆ ಬಯಲ ಬೆಂಕಿಗಿಂತ 80 ಪಟ್ಟು ವಾಸಿ, ಕೆಟ್ಟ ಒಲೆ ಬಯಲ ಬೆಂಕಿಗಿಂತ 87 ಪಟ್ಟು ಕಡೆ. ನಮ್ಮ ಜಿಲ್ಲೆಗೆ ಬರುವುದು ಯಾವುದು ಅನ್ನುವುದೇ ಇಡೀ ಪ್ರಶ್ನೆ.

ಒಳ್ಳೇದು ಹ್ಯಾಂಗ ಆಗ್ತದ? ಮೊದಲು ಒಳಗೆ ಹೋಗುವ ಕಸ. ನಮ್ಮ ಊರುಗಳ ಕಸ ಅರ್ಧಕ್ಕರ್ಧ ಹಸಿ, ಮಳೆಗಾಲದಲ್ಲಂತೂ ಕೇಳಬ್ಯಾಡ್ರಿ. ಹಸಿ ಕಸ ಹಾಕಿದರೆ ಒಲೆಯ ಬಿಸಿ ಇಳೀತದ, ಬಿಸಿ ಇಳಿದರೆ ಡಯಾಕ್ಸಿನ್ ಏರ್ತದ. ಹಸಿ, ಒಣ ಬೇರೆ ಮಾಡುವುದು, ಪಿವಿಸಿ ಆರಿಸಿ ತೆಗೆಯುವುದು, ಇದು ಸ್ವಚ್ಛ ಭಾರತದ ಗೋಡೆಬರಹ ಅಲ್ಲ, ಡಯಾಕ್ಸಿನ್ ನಿಯಂತ್ರಣದ ಮೊದಲ ಮೆಟ್ಟಿಲು. ಆಮೇಲೆ ಬೆಂಕಿ. ಎರಡು ಕೋಣೆಯ ಒಲೆಯಲ್ಲಿ ಎರಡನೇ ಕೋಣೆ ಕನಿಷ್ಠ 950 ಡಿಗ್ರಿ ಇರಬೇಕು, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡ್ ನಿಲ್ಲಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲಿ ಬರೆದಿದ್ದರು. ಆಮೇಲೆ ಹೊಗೆಯನ್ನು ಸರಕ್ಕನೆ ತಣಿಸಬೇಕು, ಆ 450–200ರ ಅಪಾಯದ ಗೇಟು ದಾಟಲಿಕ್ಕೆ ಹೊತ್ತು ಕೊಡಬಾರದು. ಕೊನೆಗೆ ಇದ್ದಿಲ ಪುಡಿ ಊದಿ, ಬಟ್ಟೆಯ ಚೀಲದಂಥ ಫಿಲ್ಟರಿನಲ್ಲಿ ಹಿಡಿಯಬೇಕು.

ಹಿಡಿದದ್ದು ಎಲ್ಲಿ ಹೋಗ್ತದ? ಬೂದಿಗೆ. ಅದೇ ಕೈಪಿಡಿಯ ಲೆಕ್ಕದಲ್ಲಿ ಒಳ್ಳೇ ಒಲೆಯ ಹಾರುಬೂದಿಯಲ್ಲಿ ಟನ್ ಕಸಕ್ಕೆ 15 ಮೈಕ್ರೋಗ್ರಾಂ ಡಯಾಕ್ಸಿನ್ ಉಳಿಯುತ್ತದೆ, ಚಿಮಣಿಯಿಂದ ಹೋಗುವುದರ 30 ಪಟ್ಟು. ಚಿಮಣಿ ಚೊಕ್ಕ ಆದಷ್ಟೂ ಬೂದಿ ಹೊಲಸು. ಚಿಮಣಿಯ ಬಗ್ಗೆ ಎಲ್ಲರೂ ಕೇಳ್ತಾರೆ, ಬೂದಿಯ ಲಾರಿ ಯಾವ ಊರಿಗೆ ಹೋಯಿತು ಅಂತ ಯಾರೂ ಕೇಳಂಗಿಲ್ಲ. ನಾವಾದರೆ ಮೊದಲು ಅದನ್ನೇ ಕೇಳ್ತೀವಿ. ಗುಂಡಿ ತುಂಬಲಿಕ್ಕೆ, ಇಟ್ಟಿಗೆಗೆ ಅಂತ ಬೂದಿ ಹೊರಗೆ ಬಂದರೆ ಫಿಲ್ಟರ್ ಹಾಕಿದ್ದಕ್ಕೆ ಅರ್ಥವೇ ಇಲ್ಲ.

ಇನ್ನು ಮಿತಿ. ಒಂದು ಘನ ಮೀಟರ್ ಹೊಗೆಯಲ್ಲಿ 0.1 ನ್ಯಾನೋಗ್ರಾಂ ಟಿಇಕ್ಯೂ. ಊರ ಕಸದ ಒಲೆಗೂ ಇದೇ, ಆಸ್ಪತ್ರೆ ಕಸದ ಒಲೆಗೂ ಇದೇ, ಕಸ ಸುಡುವ ಸಿಮೆಂಟ್ ಗೂಡಿಗೂ ಇದೇ. ಒಂದು ಗ್ರಾಮನ್ನು ಸಾವಿರ ಕೋಟಿ ಭಾಗ ಮಾಡಿ ಅದರಲ್ಲಿ ಒಂದು ಭಾಗ. ಕಾಗದದ ಮ್ಯಾಲ ನಮ್ಮ ಮಿತಿ ಯುರೋಪಿನದಕ್ಕೆ ಸರಿಸಮ. ಅಳೆಯುವುದರಲ್ಲಿ ಮಾತ್ರ ಅಲ್ಲ. ಧೂಳು, ಗಂಧಕದ ಹೊಗೆ ಇವನ್ನೆಲ್ಲ ಚಿಮಣಿಗೆ ಕಟ್ಟಿದ ಯಂತ್ರ ದಿನವಿಡೀ ಅಳೆದು ಮಂಡಳಿಗೆ ಕಳಿಸುತ್ತದೆ. ಡಯಾಕ್ಸಿನ್‌ಗೆ ಅದು ಆಗದು. 6ರಿಂದ 8 ತಾಸು ಮಾದರಿ ಹಿಡಿದು, ದುಬಾರಿ ಲ್ಯಾಬಿಗೆ ಕಳಿಸಿ ಕಾಯಬೇಕು. ಆಸ್ಪತ್ರೆ ಕಸದ 2016ರ ನಿಯಮ ವರ್ಷಕ್ಕೆ ಒಂದು ಸಲ ಸಾಕು ಅನ್ನುತ್ತದೆ. ವರ್ಷದಲ್ಲಿ 8760 ತಾಸು, ಪರೀಕ್ಷೆ 8 ತಾಸು! ಬ್ರಾಂಚಿಗೆ ಇನ್‌ಸ್ಪೆಕ್ಷನ್ ಯಾವತ್ತು ಅಂತ ಮೊದಲೇ ಗೊತ್ತಿದ್ದರೆ ಆ ದಿನ ಎಲ್ಲ ರಿಜಿಸ್ಟರು ಎಷ್ಟು ಚೆಂದ ಇರ್ತಾವ ಅಂತ ನಮ್ಮನ್ನು ಕೇಳಬೇಕು. ಒಲೆ ಹಚ್ಚುವಾಗ, ಆರಿಸುವಾಗ, ಕೆಟ್ಟು ನಿಂತಾಗ ಡಯಾಕ್ಸಿನ್ ಹೆಚ್ಚು ಬರುತ್ತದೆ. ಪರೀಕ್ಷೆ ನಡೆಯುವುದು ಒಲೆ ಸರಿಯಾಗಿ ಉರಿಯುವ ದಿನ. ಬೆಲ್ಜಿಯಂನಲ್ಲಿ ಈ ಕಾರಣಕ್ಕೇ ಚಿಮಣಿಗೆ ಪೆಟ್ಟಿಗೆ ಕಟ್ಟಿ ಎರಡೆರಡು ವಾರ ಬಿಡದೆ ಮಾದರಿ ಹಿಡಿಯುತ್ತಾರೆ. ಹೊಸ ಘಟಕ ಬೇಕು ಅನ್ನುವವರಿಗೆ ಈ ಪೆಟ್ಟಿಗೆ ಕಡ್ಡಾಯ ಮಾಡ್ರಿ ಅಂತ ಕೇಳುವುದು ಅತಿ ಆಸೆ ಅಲ್ಲ.

ಹಠ ಹಿಡಿದರೆ ಆಗ್ತದ ಅನ್ನಲಿಕ್ಕೆ ಜಪಾನ್ ಸಾಕ್ಷಿ. 1990ರ ದಶಕದಲ್ಲಿ ಅಲ್ಲಿ ಊರೂರಿಗೆ ಕಸದ ಒಲೆ. 1999ರಲ್ಲಿ ಡಯಾಕ್ಸಿನ್‌ಗೆಂದೇ ಕಾನೂನು ಮಾಡಿದರು, ಕೆಟ್ಟ ಒಲೆಗಳನ್ನು ಮುಚ್ಚಿದರು. 1997ಕ್ಕೆ ಹೋಲಿಸಿದರೆ 2003ರ ಹೊತ್ತಿಗೆ ಹೊರಸೂಸುವಿಕೆ ಶೇ. 90ಕ್ಕೂ ಹೆಚ್ಚು ಇಳಿದಿತ್ತು. ಆದರೆ ಅದೇ ಕಥೆಯೊಳಗೆ ನಮಗೊಂದು ಎಚ್ಚರಿಕೆಯೂ ಅದ. 1999ರ ಫೆಬ್ರವರಿಯಲ್ಲಿ ಒಂದು ಟಿವಿ ಚಾನೆಲ್ ಟೊಕೊರೊಝಾವಾ ಎಂಬ ಊರಿನ ತರಕಾರಿಯಲ್ಲಿ ಡಯಾಕ್ಸಿನ್ ಇದೆ ಅಂತ ಸುದ್ದಿ ಮಾಡಿತು. ಪಾಲಕದ ಬೆಲೆ ನೆಲಕ್ಕೆ ಬಿತ್ತು. ಆಮೇಲೆ ನೋಡಿದರೆ ಆ ದೊಡ್ಡ ಅಂಕಿ ಪಾಲಕದ್ದಲ್ಲ, ಚಹಾ ಎಲೆಯದು. ರೈತರು ಕೋರ್ಟಿಗೆ ಹೋಗಿ ವರ್ಷಗಟ್ಟಲೆ ಬಡಿದಾಡಿದರು. ಹುಡುಗರೇ, ಇದನ್ನು ಸರಿಯಾಗಿ ಕೇಳಿಸಿಕೊಳ್ರಿ: ಪರೀಕ್ಷೆ ವರದಿ ಕೈಯಲ್ಲಿ ಇಲ್ಲದೆ "ಇಂಥ ಊರಿನ ಹಾಲು ವಿಷ" ಅಂತ ಒಂದು ವಾಟ್ಸಾಪ್ ಫಾರ್ವರ್ಡ್ ಹೋದರೆ ಘಟಕದವನಿಗೆ ಏನೂ ಆಗಂಗಿಲ್ಲ, ನಮ್ಮದೇ ಊರಿನ ಹಾಲು ಡೈರಿಯಲ್ಲಿ ವಾಪಸ್ ಬರ್ತದ.

ತಾಂಡೂರಿನವರಿಗೆ ಬೇರೆ ಒಂದು ಮಾತು. ತಾಂಡೂರು, ಆ ಕಡೆ ಸೇಡಂ, ಮಳಖೇಡ, ಇಡೀ ಸುಣ್ಣಕಲ್ಲಿನ ಪಟ್ಟಿ ಸಿಮೆಂಟ್ ಗೂಡುಗಳದ್ದು. ಕಸದಿಂದ ಮಾಡಿದ ಇಂಧನವನ್ನು ಸಿಮೆಂಟ್ ಗೂಡಿನಲ್ಲಿ ಸುಡುವುದನ್ನು ಸರ್ಕಾರವೇ ಉತ್ತೇಜಿಸುತ್ತದೆ. ಅಂಥ ಇಂಧನದ ಘಟಕದಿಂದ 100 ಕಿ.ಮೀ. ಒಳಗಿರುವ ಕೈಗಾರಿಕೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇ. 5ರಷ್ಟು ಇದನ್ನೇ ಬಳಸಬೇಕು ಅಂತ 2016ರ ನಿಯಮದಲ್ಲೇ ಬರೆದಿದ್ದರು. ಗೂಡಿನೊಳಗೆ ಸಾಮಾನು 1450 ಡಿಗ್ರಿಗೆ ಬೇಯುತ್ತದೆ, ಅಷ್ಟು ಬಿಸಿಯಲ್ಲಿ ಡಯಾಕ್ಸಿನ್ ಉಳಿಯದು, ಕಸದ ಒಲೆಗಿಂತ ಇದು ಎಷ್ಟೋ ಮೇಲು ಅನ್ನುವುದನ್ನು ನಾವು ಒಪ್ಪುತ್ತೇವೆ. ಆದರೆ ಹೊಗೆ ತಣ್ಣಗಾಗುವ ಕಡೆ ಅದೇ ಹಳೇ ಗೇಟು ಇಲ್ಲೂ ಇದೆ. ಯಾವ ಗೂಡಿಗೆ ಎಷ್ಟು ಕಸ ಹೋಗ್ತದ, ಕಡೆಯ ಡಯಾಕ್ಸಿನ್ ಪರೀಕ್ಷೆ ಯಾವಾಗ ಆಯಿತು, ಅಂಕಿ ಎಷ್ಟು ಬಂತು, ಇವು ಕೇಳಬೇಕಾದ ಪ್ರಶ್ನೆಗಳು. ಯಾರ ಮೇಲೂ ಆರೋಪ ಅಲ್ಲ.

ನಮ್ಮ ಊರೊಳಗಿನ ಬೆಂಕಿಯನ್ನೂ ಬಿಡಬಾರದು. ಗುಜರಿಯವರು ತಾಮ್ರಕ್ಕಾಗಿ ಸುಡುವ ವೈರು: ಮೇಲೆ ಪಿವಿಸಿ, ಒಳಗೆ ತಾಮ್ರ, ಹೊಗೆಯಾಡುವ ಬೆಂಕಿ. ಡಯಾಕ್ಸಿನ್‌ಗೆ ಬೇಕಾದ ಮೂರೂ ಒಂದೇ ಕಡೆ. ಫ್ಲೆಕ್ಸ್ ಬ್ಯಾನರ್ ಅಂದರೂ ಪಿವಿಸಿಯೇ. ಹುಟ್ಟುಹಬ್ಬ, ಜಾತ್ರೆ, ಎಲೆಕ್ಷನ್, ನವೆಂಬರ್ ಒಂದು, ಫ್ಲೆಕ್ಸ್ ಇಲ್ಲದ ಹಬ್ಬ ಯಾವುದು ಉಳಿದದ? ಗಡಿಯ ಆ ಕಡೆ ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರಿಗೆ ನಿಷೇಧ ಇದೆ. ಅಲ್ಲಿ ಅದು ಎಷ್ಟು ನಡೆಯುತ್ತದೆ ಅನ್ನುವುದು ಬ್ಯಾರೆ ಮಾತು. ನಮ್ಮ ರಾಜ್ಯೋತ್ಸವಕ್ಕೆ ಬಟ್ಟೆಯ ಬ್ಯಾನರ್ ಬರೆಸೋಣ. ಕೈಬರಹದ ಪೇಂಟರ್‌ಗೂ ನಾಲ್ಕು ಕಾಸು, ಕನ್ನಡದ ಅಕ್ಷರಕ್ಕೂ ಚೆಂದ. ಬಯಲಲ್ಲಿ ಕಸ ಸುಟ್ಟರೆ 5000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ. ಆ ಕೇಸು ಹಾಕಿದವರು ಬೆಂಗಳೂರಿನ ಅಲ್ಮಿತ್ರಾ ಪಟೇಲ್. 1996ರಲ್ಲಿ ಶುರು ಮಾಡಿ 20 ವರ್ಷ ನಡೆಸಿದರು.

ಈಗ ಭಾಷೆಯ ಮಾತಿಗೆ ಬರೋಣ. ಕಾಸರಗೋಡಿನ ನಮ್ಮವರನ್ನು ನೆನೆಯದೆ ಇದನ್ನು ಹೇಳಲಾಗದು. ಎಣ್ಮಕಜೆ, ಪಡ್ರೆ ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮಕ್ಕಳ ಕಾಯಿಲೆ ಕಂಡು ಮೊದಲು ಕೂಗಿದವರಲ್ಲಿ ಅಲ್ಲಿನ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಇದ್ದರು. ಗಡಿಯ ಮೂಲೆಯ ಕೂಗು ರಾಜಧಾನಿಗೆ ಮುಟ್ಟಲಿಕ್ಕೆ ವರ್ಷಗಳೇ ಹಿಡಿದವು. 2011ರಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಡಯಾಕ್ಸಿನ್ 2001ರಲ್ಲಿ ಒಪ್ಪಂದ ಆದಾಗಿನಿಂದಲೂ ಅದೇ ಪಟ್ಟಿಯಲ್ಲಿದೆ. ಭಾರತ 2006ರಲ್ಲಿ ಅದನ್ನು ಅಂಗೀಕರಿಸಿದೆ.

ನಮಗೆ ಕಾನೂನು ಏನು ಕೊಡ್ತದ? 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ ಸಾರ್ವಜನಿಕ ವಿಚಾರಣೆ ಬೇಕಾದ ಯೋಜನೆಗಳಿಗೆ 30 ದಿನ ಮೊದಲು ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಇಂಗ್ಲಿಷಿನಲ್ಲೂ ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲೂ ಇರಬೇಕು. ಆ "ಸ್ಥಳೀಯ ಭಾಷೆ" ಅನ್ನುವ ಪದವೇ ನಮ್ಮ ಕೈಹಿಡಿ. ನಾಗಲಗಿದ್ದದ ಹಳ್ಳಿಯಲ್ಲಿ ಸ್ಥಳೀಯ ಭಾಷೆ ಯಾವುದು ಅಂತ ವಿಚಾರಣೆಯ ದಿನ ಮೈಕಿನ ಮುಂದೆ ಕೂತವರು ಕಿವಿಯಿಂದಲೇ ಕೇಳಬಹುದು. ಎರಡನೇ ದರ್ಜೆಯ ಯೋಜನೆ ರಾಜ್ಯ ಗಡಿಯಿಂದ 5 ಕಿ.ಮೀ. ಒಳಗಿದ್ದರೆ ಅದನ್ನು ಸಾಮಾನ್ಯವಾಗಿ ಕೇಂದ್ರದ ಮಟ್ಟದಲ್ಲಿ ನೋಡಬೇಕು. ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡರೆ ಮಾತ್ರ ಅದು ಸಡಿಲ.

ಇಲ್ಲಿ ಒಂದು ಸೂಕ್ಷ್ಮ ಅದ, ಗೊಂದಲ ಮಾಡಿಕೊಳ್ಳಬ್ಯಾಡ್ರಿ. ಮಾಹಿತಿ ಹಕ್ಕಿನ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲೇ ಕೊಡಬೇಕು ಅಂತ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಕನ್ನಡದಲ್ಲಿ ಕೊಟ್ಟರೆ ತಿರುಗಿ ಕಳಿಸಲಿಕ್ಕೆ ಅವರಿಗೆ ನೆಪ ಸಿಗ್ತದ. ಅದನ್ನು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಕೊಡ್ರಿ. ಆದರೆ ಕುಂದುಕೊರತೆಯ ಮನವಿಗೆ ಆ ಕಟ್ಟು ಇಲ್ಲ. ಸಂವಿಧಾನದ 350ನೇ ವಿಧಿ ಪ್ರಕಾರ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಮನವಿ ಕೊಡಬಹುದು. ಕನ್ನಡದ ಮನವಿಯನ್ನು ಕಲೆಕ್ಟರ್ ಆಫೀಸು ತೆಗೆದುಕೊಳ್ಳಲೇಬೇಕು.

ಆದ್ದರಿಂದ ಮಾಡಬೇಕಾದ ಕೆಲಸ ಎರಡು. ಮಾಲಿನ್ಯ ನಿಯಂತ್ರಣ ಮಂಡಳಿಗೆ 10 ರೂಪಾಯಿ ಕಟ್ಟಿ ಒಂದು ಮಾಹಿತಿ ಹಕ್ಕು ಅರ್ಜಿ: ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆಗಳಲ್ಲಿ ಕಸ, ಆಸ್ಪತ್ರೆ ಕಸ ಸುಡುವ ಮತ್ತು ಕಸದ ಇಂಧನ ಬಳಸುವ ಘಟಕಗಳು ಯಾವುವು, ಕಳೆದ ಮೂರು ವರ್ಷದ ಡಯಾಕ್ಸಿನ್ ಪರೀಕ್ಷೆಯ ತಾರೀಖು, ಲ್ಯಾಬಿನ ಹೆಸರು, ಫಲಿತಾಂಶ, ಮತ್ತು ಹಾರುಬೂದಿ ಹೋದ ಜಾಗ. 30 ದಿನದೊಳಗೆ ಉತ್ತರ ಬರಬೇಕು. ಇನ್ನೊಂದು, ಕಲೆಕ್ಟರಿಗೆ ಕನ್ನಡದಲ್ಲಿ ಮನವಿ: ನಾರಾಯಣಖೇಡ, ಜಹೀರಾಬಾದ್ ಕಡೆ ಇಂಥ ಯಾವ ಯೋಜನೆಯ ವಿಚಾರಣೆ ಬಂದರೂ ನೋಟಿಸು, ಸಾರಾಂಶ ಕನ್ನಡದಲ್ಲೂ ಕೊಡಬೇಕು ಅಂತ. ತಾಂಡೂರಿನವರು ಇದನ್ನೇ ವಿಕಾರಾಬಾದ್ ಕಲೆಕ್ಟರಿಗೆ ಕೊಡಲಿ. ಎರಡಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ರಿ, ಸೀಲಿಲ್ಲದ ಕಾಗದಕ್ಕೆ ಬೆಲೆ ಇಲ್ಲ ಅಂತ ನಮ್ಮಷ್ಟು ಗೊತ್ತಿರುವವರು ಯಾರಿದ್ದಾರೆ? ಉತ್ತರ ಬಂದರೆ ಫೋಟೋ ತೆಗೆದು ಕಳಿಸ್ರಿ. ತೆಲುಗಿನಲ್ಲಿದ್ದರೂ ಚಿಂತಿಲ್ಲ, ಕೂತು ಕನ್ನಡಕ್ಕೆ ತಿರುಗಿಸಿ, ಅಂಕಿ 0.1ಕ್ಕಿಂತ ಮೇಲೋ ಕೆಳಗೋ ಅಂತ ಬರೆದು ಇಲ್ಲೇ ಹಾಕ್ತೀವಿ.